ತಮ್ಮನ ಕೀಸುಳಿ

"ತಗೊಳ್ಳಿ ಭಾವ, ನಿಮ್ಮ ಅಪ್ಪಂದು. ವಾಪಸು ಕೊಡ್ತಿದ್ದೀನಿ. ಈ ಪಾಪ ನಮ್ಮನೆಯವರ ಬೆನ್ನಿಗೆ ಹೋಗೋದು ಬೇಡ."

ತೀರಿಕೊಂಡ ತಮ್ಮನ ಹೆಂಡತಿ, ಮರ ಹೆರೆದು ನಯಮಾಡುವ ಕಬ್ಬಿಣದ ಕೀಸುಳಿಯನ್ನು ಕೆಲಸದ ಮೇಜಿನ ಮೇಲೆ ಮಗ್ಗುಲಾಗಿ ಇಟ್ಟಳು. ಬಡಗಿಯ ಮನೆ ಸೇರಿದವಳು. ಅಲಗು ಮೇಜಿಗೆ ತಾಗಬಾರದೆಂದು ಬಲ್ಲಳು.

ಅಪ್ಪ ಸತ್ತ ಮರುವರ್ಷ ಅವನ ಕೀಸುಳಿ ಕಾಣೆಯಾಗಿತ್ತು. ಆಮೇಲೊಂದು ದಿನ, ಯಾರದೋ ಮನೆಯ ಬಾಗಿಲು ಕೆಲಸದಲ್ಲಿ, ತಮ್ಮನ ಕೈಯಲ್ಲಿ ಅಂಥದೇ ಒಂದನ್ನು ಅಣ್ಣ ಅಂಗಳದಾಚೆಯಿಂದ ಕಂಡ. "ನಾನು ಕೊಂಡಿದ್ದು ಕಣಣ್ಣಾ" ಎಂದು ತಮ್ಮ ಎಷ್ಟು ಬಾಯಿ ಬಡಿದುಕೊಂಡರೂ ಕೇಳದೆ ಎಲ್ಲರೆದುರು ಕಳ್ಳನೆಂದ. ಅಂದಿನಿಂದ ಮಾತಿಲ್ಲ. ಮೊನ್ನೆ ತಮ್ಮನ ಮಣ್ಣಿಗೂ ಹೋಗಲಿಲ್ಲ.

ಈಗ ಅಣ್ಣನ ಕಸುಬು ಹಳೆಯ ಕೀಸುಳಿಗಳನ್ನು ರಿಪೇರಿ ಮಾಡಿ ಮಾರುವುದು. ಕಾರ್ಖಾನೆ ಯಾವ ಕಾಲಕ್ಕೆ ಯಾವ ಭಾಗವನ್ನು ಬದಲಿಸಿತೆಂದು ನೋಡಿ, ದನದ ಹಲ್ಲು ನೋಡಿದ ಹಾಗೆ, ವಯಸ್ಸು ಹೇಳುತ್ತಿದ್ದ. ಅಭ್ಯಾಸಬಲದಿಂದ ಎತ್ತಿಕೊಂಡ. ಅಲಗನ್ನು ಒತ್ತಿಹಿಡಿಯುವ ಮುಚ್ಚಳದ ತೂತು ಗೋಡಂಬಿಯಂತೆ ಬಾಗಿತ್ತು. ಅಪ್ಪನದರಲ್ಲಿ ಅದು ಬೀಗದ ಕಿಂಡಿಯಂತೆ ನೆಟ್ಟಗಿತ್ತು. ಗೋಡಂಬಿ ತೂತು ಬಂದದ್ದು ಅಪ್ಪ ಹೋದ ಮೇಲೆ.

ಮುಚ್ಚಳವನ್ನಷ್ಟೇ ಬದಲಿಸಿರಬಹುದು ಎಂದು ಮನಸ್ಸು ದಾರಿ ಹುಡುಕಿತು. ಮುಂಗಡೆಯ ಮರದ ಹಿಡಿಯನ್ನು ನೋಡಿದ. ಅದರ ಬುಡದ ಸುತ್ತ, ಕೀಸುಳಿಯ ಕಬ್ಬಿಣದ ಒಡಲಿನ ಎರಕದಲ್ಲೇ ಎದ್ದ ಬಳೆ. ಅದೂ ಆಮೇಲಿನದೇ. ಎರಕವನ್ನು ಯಾರೂ ಬದಲಿಸಲಾರರು.

"ಅವರ ಪರವಾಗಿ ಕೈ ಮುಗೀತೀನಿ. ಕ್ಷಮಿಸಿದೆ ಅಂತ ಒಂದು ಮಾತು ಹೇಳಿಬಿಡಿ ಭಾವ."

ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂತು. ದೇವರು ಕೇಳಿಸಿಕೊಳ್ಳುತ್ತಾನೆ ಎನಿಸಿತು.

"ಇದು ಅಪ್ಪಂದಲ್ಲಮ್ಮಾ. ಅವನದೇ."

ಅವಳು ಮುಗಿದ ಕೈ ಇಳಿಸಲಿಲ್ಲ. "ಕೊನೇ ದಿನಗಳಲ್ಲಿ ಅವರು ಕೇಳಿದ್ರು, ನೀನಾದ್ರೂ ನಂಬ್ತೀಯೇನೇ ಅಂತ. ದೊಡ್ಡವರು ನೀವು, ಸುಳ್ಳು ಹೇಳಲ್ಲ ಅಂದ್ಕೊಂಡು ನಾನು ಮುಖ ತಿರುಗಿಸಿಬಿಟ್ಟೆ." ಈಗ ಕೈ ಇಳಿಸಿ ಕೇಳಿದಳು: "ಒಂದ್ಸಲ ಕೈಗೆ ತಗೊಂಡು ನೋಡೋಕೆ ಏನಾಗಿತ್ತು ನಿಮಗೆ?"

"ಇನ್ನೊಬ್ಬ ಬಡಗಿಯ ಕೀಸುಳಿ ಮುಟ್ಟಬಾರದು. ಅಪ್ಪ ಕಲಿಸಿದ್ದು."

"ಓಹೋ. ಮುಟ್ಟಬಾರದು. ಕಳ್ಳ ಅನ್ನಬಹುದು."

ಅವಳು ಕೀಸುಳಿಯನ್ನು ತೆಗೆದುಕೊಂಡು ಹೊರಟಳು. ಅವನು ಬಾಗಿಲವರೆಗೆ ಬಂದ. ಬೀದಿಯ ತಿರುವಿನಲ್ಲಿ ಅವಳು ಒಂದು ಮೋಟುಗೋಡೆಯ ಬಳಿ ನಿಂತು, ಕೀಸುಳಿಯನ್ನು ಅದರ ಮೇಲಿಟ್ಟು, ಭಾವನ ಬೆರಳು ತಾಗಿದ ಕಡೆಯಲ್ಲೆಲ್ಲ ಅಂಗೈಯಿಂದ ಒರೆಸತೊಡಗಿದಳು.