ನಿಲ್ಲಿಸು ಎಂದು ಬರೆಯದ ಪೆಟ್ಟಿಗೆ

ಹಾರ್ಮೋನಿಯಂನಷ್ಟು ದೊಡ್ಡ ಮರದ ಪೆಟ್ಟಿಗೆ. ಮೇಲೆ ಗಾಜಿನ ಕಿಂಡಿ, ಬಲಗಡೆ ಒಂದು ಹಿಡಿ, ಒಳಗೆ ಲೆಕ್ಕಗಳನ್ನು ಬರೆದ ಉದ್ದನೆಯ ಕಾಗದದ ಸುರುಳಿ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಕಿಂಡಿಯಲ್ಲಿ ಲೆಕ್ಕ ಬರುತ್ತದೆ. ಮಗು ಪಕ್ಕದ ಸೀಳಿನಲ್ಲಿ ಉತ್ತರ ಬರೆಯಬೇಕು. ಇನ್ನೊಂದು ಸುತ್ತಿಗೆ ಸರಿಯುತ್ತರ ಕಾಣುತ್ತದೆ. ಮೇಷ್ಟ್ರೇ ಬೇಡ, ಮಗು ತಾನೇ ಕಲಿಯುತ್ತದೆ ಎಂದರು, ಬೆಂಗಳೂರಿನಿಂದ ಅದನ್ನು ತಂದ ಅಧಿಕಾರಿ.

೧೯೬೬ನೇ ಇಸವಿ, ಶಿಡ್ಲಘಟ್ಟದ ನಮ್ಮ ಕನ್ನಡ ಶಾಲೆ. ಅಂಥವು ಎರಡು ಪೆಟ್ಟಿಗೆ ಬಂದಿದ್ದವು. ಮೇಲಿದ್ದ ಇಂಗ್ಲಿಷ್ ಮಾತುಗಳನ್ನು ಅಳಿಸಿ ಕನ್ನಡದಲ್ಲಿ ಬರೆಯಲು, ಅಂಗಡಿಗಳ ಬೋರ್ಡು ಬರೆದುಕೊಂಡಿದ್ದ ನನ್ನನ್ನು ಕರೆಸಿದ್ದರು.

ಅಧಿಕಾರಿ ಒಂದು ಚೀಟಿ ಕೊಟ್ಟರು. ಕಿಂಡಿಗೆ ‘ಪ್ರಶ್ನಾ ವಾತಾಯನ’. ಸೀಳಿಗೆ ‘ಪ್ರತ್ಯುತ್ತರ ಲೇಖನ ಸ್ಥಾನ’. ಹಿಡಿಗೆ ‘ಪರಿಭ್ರಾಮಕ’.

“ಸಾರ್, ಪರಿಭ್ರಾಮಕ ಅಂದ್ರೇನು?”

“ತಿರುಗಿಸುವ ಸಾಧನ.”

“ಹಂಗಾದ್ರೆ ತಿರುಗಿಸು ಅಂತ್ಲೇ ಬರೀಲಾ? ಎಷ್ಟು ತಿರುಗಿಸ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅನ್ನೋದೂ ಬರೀಬೇಕಲ್ವಾ?”

“ಎಷ್ಟು ಓದಿದ್ದೀಯಪ್ಪ ನೀನು?”

“ನಾಲ್ಕನೇ ಕ್ಲಾಸು, ಅರ್ಧ.”

“ಪೂರ್ತಿ ಓದಿದವರು ಕೂತು ಯೋಚನೆ ಮಾಡಿದ ಪದಗಳು ಇವು. ನೀನು ಬಣ್ಣ ಹಚ್ಚು.”

ಹಿಂದೆ ನಿಂತಿದ್ದ ಹೆಡ್ ಮೇಷ್ಟ್ರು ರಾಮಾಂಜಿನಪ್ಪ ನಕ್ಕರು. “ಈ ಚಲಪತಿ ಆವಾಗ್ಲೂ ಹಿಂಗೇ ಸಾರ್, ಬಾಯಿ ಜಾಸ್ತಿ.”

ಆವಾಗ! ಹನ್ನೆರಡು ವರ್ಷದ ಹಿಂದೆ, ಬೆಳಗ್ಗೆ ರೇಷ್ಮೆ ಚರಕ ತಿರುವಿ ಬರುವಾಗ ತಡವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಗೀಟು ಎಳೆದು ಶಾಲೆ ಬಿಡಿಸಿದವರು ಇವರೇ. ಹಲ್ಲು ಕಚ್ಚಿ ಬರೆದೆ. ಒಂದು ಪೆಟ್ಟಿಗೆಯನ್ನು ಆ ದಿನ, ಇನ್ನೊಂದನ್ನು ಮಾರನೆಯ ಬೆಳಗ್ಗೆ. ಅಕ್ಷರಗಳು ಮಾತ್ರ ದುಂಡಗೆ, ಚೆಂದಾಗಿ ಬಂದಿದ್ದವು. ಅದಕ್ಕೂ ಸಿಟ್ಟು ಬಂತು.

ಎರಡನೆಯದರ ಬಣ್ಣ ಇನ್ನೂ ಹಸಿಯಿರುವಾಗಲೇ ಮೊದಲನೆಯದರಲ್ಲಿ ಪರೀಕ್ಷೆ ಶುರುವಾಯಿತು. ಮೂರನೇ ಕ್ಲಾಸಿನ ಮಕ್ಕಳಲ್ಲಿ ಪಾಸಾದವರು ನಾಲ್ಕಕ್ಕೆ, ಪೆಟ್ಟಿಗೆಗೆ ದಡ್ಡರಾಗಿ ಕಂಡವರು ವಾಪಸ್ ಒಂದಕ್ಕೆ. ಮೊದಲು ಕೂತವನು ಪೋಸ್ಟ್ ಮಾಸ್ಟರರ ಮಗ. ಅಧಿಕಾರಿ ಅವನ ಕೈ ಹಿಡಿದು, ಎಲ್ಲಿ ನಿಲ್ಲಿಸಬೇಕೆಂದು ತೋರಿಸಿಕೊಟ್ಟರು. ಆಮೇಲೆ ತಾಹಿರಾ. ಅವಳಿಗೆ ಬರೀ ಬೆರಳು ತೋರಿಸಿದರು. “ಬರೆದಿದೆಯಲ್ಲ, ಓದಿಕೋ.”

ತಾಹಿರಾ ನಮ್ಮ ಬೀದಿಯ ಹಮೀದಾ ಬೇಗಂ ಮಗಳು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಲೆಕ್ಕದಲ್ಲಿ ಚೂಟಿ. ಅವರ ಮನೆಯಲ್ಲೇ ಚರಕ. ತಾಯಿ ಕುದಿಯುವ ನೀರಿನ ಮುಂದೆ ಕೂತು ರೇಷ್ಮೆ ಗೂಡುಗಳಿಂದ ಎಳೆ ತೆಗೆಯುತ್ತಾಳೆ, ಮಗಳು ಚಕ್ರ ತಿರುವುತ್ತಾಳೆ. “ಒಂದನೇ ಕ್ಲಾಸಿಗೆ ವಾಪಸ್ ಹಾಕಿದ್ರೆ ಇಸ್ಕೂಲು ಯಾಕೆ ಬೇಕು? ದಿನಾ ಪೂರಾ ಚರಕದ ಹತ್ರ ಕೂರ್ಲಿ,” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ್ದಳು. ಈಗ ಬುರ್ಖಾ ಹಾಕಿಕೊಂಡು ಕಿಟಕಿಯ ಹೊರಗೆ ನಿಂತಿದ್ದಳು.

ತಾಹಿರಾ ಹಿಡಿಯನ್ನು ಹಿಡಿದಳು. ತಿರುವಿದಳು. ತಿರುವುತ್ತಲೇ ಹೋದಳು.

ಒಂದೇ ಹದ, ಒಂದೇ ವೇಗ. ಚರಕ ತಿರುವುವವರು ತಾವಾಗಿ ಕೈ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಎಳೆ ಹೋಯಿತು, ಬೆನ್ನಿಗೆ ಏಟು ಬಿತ್ತು. ಎಳೆ ತೆಗೆಯುವವರು ಹೇಳಿದಾಗ ಮಾತ್ರ ನಿಲ್ಲಿಸಬೇಕು. ನನ್ನ ಕೈಗೂ ಅದು ಇನ್ನೂ ಗೊತ್ತು. ಆ ಮಗು ಯಾರಾದರೂ ಹೇಳಲಿ ಎಂದು ಕಾಯುತ್ತಿತ್ತು. ಕಿಂಡಿಯಲ್ಲಿ ಲೆಕ್ಕಗಳು ಒಂದರ ಹಿಂದೊಂದು ಓಡುತ್ತಿದ್ದವು.

“ತಾಹಿರಾ, ತಡಿ!” ಎಂದು ಕೂಗಿದೆ.

ಕೈ ಗಕ್ಕನೆ ನಿಂತಿತು.

“ಏಯ್, ಪರೀಕ್ಷೆ ನಡುವೆ ಬಾಯಿ ಹಾಕಬೇಡ!” ಅಧಿಕಾರಿ ನನ್ನ ಮೇಲೆ ರೇಗಿ, ಅವಳ ಕಡೆ ತಿರುಗಿದರು. “ನೀನು ಮುಂದುವರಿಸಮ್ಮ.”

ಅವಳು ಮತ್ತೆ ತಿರುವಿದಳು. ಸುರುಳಿ ಕೊನೆ ಮುಟ್ಟಿತು, ಪರ್ರನೆ ಹರಿಯಿತು. ಅಧಿಕಾರಿ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಲೇ ಓದಿದರು: “ಮಂದಬುದ್ಧಿ. ಒಂದನೇ ತರಗತಿ.”

ಕಿಟಕಿಯಿಂದ ಹಮೀದಾ ಬೇಗಂ ಕೇಳಿದಳು, “ನಿಲ್ಸು ಅಂತ ನೀವು ಅನ್ಲೇ ಇಲ್ವಲ್ಲ ಸಾಹೇಬ್ರೆ? ಹೇಳೋವರ್ಗೂ ಕೈ ನಿಲ್ಲಿಸ್ಬೇಡ ಅಂತ ನಾನೇ ಕಲಿಸಿರೋದು.”

ಅಧಿಕಾರಿ ಪುಸ್ತಕ ಮುಚ್ಚಿದರು.

ನನಗೆ ಇನ್ನು ತಡೆಯಲಾಗಲಿಲ್ಲ. ಟರ್ಪೆಂಟೈನ್ ಬಟ್ಟೆ ತೆಗೆದು ಎರಡನೇ ಪೆಟ್ಟಿಗೆಯ ಹಸಿ ಬಣ್ಣವನ್ನೆಲ್ಲ ಒರೆಸಿದೆ. ಅವರ ವಾತಾಯನ, ಅವರ ಪರಿಭ್ರಾಮಕ, ಎಲ್ಲ ಕೆಂಪಗೆ ಬಟ್ಟೆಗೆ ಬಂತು.

“ಊರುಕೋರಾ ಚಲಪತಿ,” ರಾಮಾಂಜಿನಪ್ಪ ತೆಲುಗಿನಲ್ಲಿ ಗದರಿದರು. “ಸುಮ್ನಿರೋ, ಸರ್ಕಾರದ ಸಾಮಾನು ಕಣೋ ಅದು!”

“ಸುಮ್ನಿದ್ದಿದ್ದು ಸಾಕು ಮೇಷ್ಟ್ರೆ.”

ಹಿಡಿಯ ಪಕ್ಕದಲ್ಲಿ ಬರೆದೆ: ‘ಒಂದು ಸುತ್ತು ತಿರುಗಿಸು. ನಿಲ್ಲಿಸು.’ ಕಿಂಡಿಯ ಮೇಲೆ ‘ಓದು’. ಸೀಳಿನ ಮೇಲೆ ‘ಬರೆ’. ಅಷ್ಟೇ. ಅಧಿಕಾರಿ ಪೆಟ್ಟಿಗೆ ಕಿತ್ತುಕೊಳ್ಳಲು ಬಂದು, ಕೈಗೆಲ್ಲ ಬಣ್ಣ ಮಾಡಿಕೊಂಡು ಹಿಂದೆ ಸರಿದರು. ಅಷ್ಟರಲ್ಲಿ ತಾಹಿರಾ ಬಂದು ಕೂತು, ತುಟಿ ಅಲ್ಲಾಡಿಸಿ ಓದಿಕೊಂಡಳು. ಒಂದು ಸುತ್ತು ತಿರುಗಿಸಿದಳು. ನಿಲ್ಲಿಸಿದಳು. ಬರೆದಳು. ಹತ್ತು ಲೆಕ್ಕದಲ್ಲಿ ಒಂಬತ್ತು ಸರಿ. ತಪ್ಪಾದ ಒಂದಕ್ಕೆ ತಾನೇ ನಾಲಿಗೆ ಕಚ್ಚಿಕೊಂಡಳು.

“ನಿಯಮದ ಪ್ರಕಾರ ಒಂದೇ ಅವಕಾಶ,” ಎಂದರು ಅಧಿಕಾರಿ, ಕರ್ಚೀಫಿನಲ್ಲಿ ಕೈ ಉಜ್ಜುತ್ತಾ. “ಬರೆದದ್ದು ಬರೆದಾಯಿತು. ನೀನು ಇದನ್ನೆಲ್ಲ ಅಳಿಸಿ ನನ್ನ ಪದ ಬರೆ. ಈ ಪೆಟ್ಟಿಗೆ ಚಿಂತಾಮಣಿ ಶಾಲೆಗೆ ಹೋಗಬೇಕು, ಬಸ್ಸಿಗೆ ಹೊತ್ತಾಯಿತು.”

ಹಮೀದಾ ಬೇಗಂ ಒಳಗೆ ಬಂದು ಮಗಳ ರಟ್ಟೆ ಹಿಡಿದಳು. “ಚಲ್ ಬೇಟಿ.”

ನಾನು ಬಾಗಿಲಿಗೆ ಅಡ್ಡ ನಿಂತೆ. “ಮೇಷ್ಟ್ರೆ, ನನ್ನ ಹೆಸರು ಹೊಡೆದುಹಾಕಿದಾಗ ನಿಮಗೆ ಯಾವ ಬೆಂಗಳೂರೂ ಹೇಳಿರಲಿಲ್ಲ. ಆ ಪೆನ್ನು ಇವತ್ತೆಲ್ಲಿ ಹೋಯ್ತು?”

ರಾಮಾಂಜಿನಪ್ಪನವರ ಮುಖ ಕಪ್ಪಿಟ್ಟಿತು. ಆಮೇಲೆ ನಾಲ್ಕನೇ ಕ್ಲಾಸಿನ ಹಾಜರಿ ಪುಸ್ತಕ ಎಳೆದುಕೊಂಡು ತಾಹಿರಾಳ ಹೆಸರು ಬರೆದರು.

“ರಾಮಾಂಜಿನಪ್ಪ, ನಾನು ಮೇಲಕ್ಕೆ ವರದಿ ಮಾಡಬೇಕಾಗುತ್ತದೆ,” ಎಂದರು ಅಧಿಕಾರಿ.

“ಮಾಡಿ ಸಾರ್.”

ತಾಯಿ ಮಗಳ ರಟ್ಟೆ ಬಿಟ್ಟಳು. ನನಗೆ ಸಿಟ್ಟು ಇಳಿಯಲಿಲ್ಲ. ಒಂದು ಹೆಸರು ಬರೆಯುವುದು ಇಷ್ಟು ಸಲೀಸೇ? ಅದೇ ಕೈ, ಅರೆಗಳಿಗೆಯ ಕೆಲಸ. ಆವತ್ತು ನನ್ನ ಹೆಸರಿಗೆ ಯಾಕೆ ಆಗಲಿಲ್ಲ?

“ಅಳಿಸಯ್ಯಾ!” ಅಧಿಕಾರಿ ಕಿರುಚಿದರು.

ಬ್ರಷ್ಷು, ಡಬ್ಬಿ, ಟರ್ಪೆಂಟೈನ್ ಬಾಟಲಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡೆ. “ಉಗುರಲ್ಲಿ ಕೆರ್ಕೊಳ್ಳಿ ಸಾರ್,” ಎಂದು ಹೇಳಿ ಹೊರಬಿದ್ದೆ.