ಅಕ್ಕನ ಮಣ್ಣಿಗೆ ಹೋಗದವಳು

"ಏಳ್ರಿ ಅತ್ತಿ, ಲೋಕಲ್ ಬಂತು."

ಸೊಸೆ ಶುಭಾಂಗಿ ಕೈ ಹಿಡಿದರೂ ರಾಚವ್ವ ಚೆಂಬೂರು ಸ್ಟೇಷನ್ನಿನ ಬೆಂಚಿನಿಂದ ಏಳಲಿಲ್ಲ. "ಮೊಣಕಾಲು ಹಿಡದಾವ. ಮಾಟುಂಗದ ಮದುವಿಗೆ ನೀನ ಹೋಗು" ಎಂದಳು. ಆಗಷ್ಟೇ ಅವಳಿಗೆ ಜೋರಾಗಿ ಕೆಮ್ಮು ಬಂದಿತ್ತು. ಗಾಡಿ ಹೊರಟುಹೋಯಿತು. ಬಗ್ಗಿ ಅತ್ತೆಯ ನೆರಿಗೆ ಸರಿಪಡಿಸಹೋದ ಶುಭಾಂಗಿಗೆ ಸೀರೆ ಒದ್ದೆಯಾಗಿರುವುದು ತಿಳಿಯಿತು.

ಅವಳು ಪಕ್ಕದಲ್ಲೇ ಕೂತಳು. "ಸ್ನೇಹಲ್ ಹುಟ್ಟಿದ ಮ್ಯಾಲ ನನಗೂ ಹಿಂಗ ಆಗತಿತ್ರಿ. ಕೆಮ್ಮಿದ್ರ, ಸೀನಿದ್ರ, ಕೂಸಿನ್ನ ಎತ್ತಿದ್ರ..."

ರಾಚವ್ವ ಹಳಿಗಳನ್ನೇ ನೋಡುತ್ತಿದ್ದಳು. ಕಣ್ಣು ತಿರುಗಿಸದೆ ಕೇಳಿದಳು: "ಸೋಮಕ್ಕ ಸತ್ತಾಗ ನಾ ಯಾಕ ವಿಜಯಪುರಕ್ಕ ಹೋಗಲಿಲ್ಲ, ಗೊತ್ತೈತೇನು?"

ಹೊಲದ ಪಾಲಿನ ಸಿಟ್ಟು ಎಂದೇ ಎಲ್ಲರೂ ನಂಬಿದ್ದರು. ಬೈಕುಲ್ಲಾದಲ್ಲಿರುವ, ಆ ಅಕ್ಕ ಸೋಮವ್ವನ ಮಗ ಭೀಮರಾಯ ಅಂದಿನಿಂದ ರಾಚವ್ವನ ಮನೆಯ ಹೊಸ್ತಿಲು ತುಳಿದಿರಲಿಲ್ಲ.

"ರಾತ್ರಿಯಿಡೀ ಬಸ್ಸಿನ್ಯಾಗ ಕೂಡ್ಬೇಕು. ಮಂದಿ ನಡುವ ಹಿಂಗಾದ್ರ ಅಂತ ಅಂಜಿದೆ. ಸಿಟ್ಟು ಅಂದ್ರು. ಅನ್ಲಿ ಅಂತ ಸುಮ್ನಾದೆ."

ಶುಭಾಂಗಿ ಮದುವೆಯ ಉಡುಗೊರೆಗೆಂದು ಒಯ್ಯುತ್ತಿದ್ದ ಶಾಲನ್ನು ಬಿಚ್ಚಿ ಅತ್ತೆಯ ಸೊಂಟಕ್ಕೆ ಸುತ್ತಿದಳು. ಇಬ್ಬರೂ ಮನೆಗೆ ಮರಳಿದರು.

ಮರುವಾರ ಸೊಸೆ, ತಾನು ತೋರಿಸಿಕೊಂಡಿದ್ದ ದವಾಖಾನೆಗೇ ಅತ್ತೆಯನ್ನು ಕರೆದೊಯ್ದಳು. ತಪಾಸಣೆಯ ನಂತರ ಫಿಜಿಯೋಥೆರಪಿಸ್ಟ್ ಹಿಂದಿಯಲ್ಲಿ ಹೇಳಿದ್ದನ್ನು ಶುಭಾಂಗಿ ಕನ್ನಡದಲ್ಲಿ ಹೇಳುತ್ತ ಹೋದಳು: ಹೆರಿಗೆಗಳಿಂದ, ವಯಸ್ಸಿನಿಂದ ಕೆಳಹೊಟ್ಟೆಯ ತಳದ ಸ್ನಾಯುಗಳು ಸಡಿಲಾಗಿವೆ. ಮೂತ್ರ ತಡೆಯುವಾಗಿನಂತೆ ಅವನ್ನು ಮೇಲಕ್ಕೆ ಬಿಗಿಯಬೇಕು, ಮತ್ತೆ ಪೂರ್ತಿ ಸಡಿಲ ಬಿಡಬೇಕು. ಉಸಿರು ಕಟ್ಟಬಾರದು. ದಿನಾಲೂ ಮಾಡಿದರೆ ಕೆಲವು ತಿಂಗಳಲ್ಲಿ ಹಿಡಿತ ಬರುತ್ತದೆ.

"ಇಷ್ಟ ಇತ್ತೇನು?" ಎಂದಳು ರಾಚವ್ವ. "ಆಗ ಯಾರರ ಹೇಳಿದ್ರ, ಅಕ್ಕನ ಮುಖ ನೋಡತಿದ್ನಲ್ಲ."

ಬೇಸಿಗೆ ಕಳೆಯುವ ಹೊತ್ತಿಗೆ ತೊಂದರೆ ಪೂರ್ತಿ ಹೋಗಿರದಿದ್ದರೂ ಹೆದರಿಕೆ ಹೋಗಿತ್ತು. ಒಂದು ಮಧ್ಯಾಹ್ನ ಕುರ್ಲಾದಲ್ಲಿ ಗಾಡಿ ಬದಲಿಸಿ, ರಾಚವ್ವ ಒಬ್ಬಳೇ ಬೈಕುಲ್ಲಾದ ಚಾಳಿನ ಮನೆಗೆ ಹೋದಳು. ಬಾಗಿಲಲ್ಲಿ ಭೀಮರಾಯ ನಿಂತಿದ್ದ.

"ಈಗ ಬಂದ್ಯಾ ಚಿಗವ್ವ?"

"ಹೊಲಕ್ಕಲ್ಲಪಾ ನಾ ಬರದಿದ್ದದ್ದು. ನನಗ ಉಚ್ಚಿ ನಿಲ್ಲತಿರಲಿಲ್ಲ. ಬಸ್ಸು ಹತ್ತೂ ಧೈರ್ಯ ಇರಲಿಲ್ಲ."

ಭೀಮರಾಯ ತಲೆ ತಗ್ಗಿಸಿದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವನ ಹೆಂಡತಿ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು, ತನ್ನದೂ ಅದೇ ಕಷ್ಟ, ಏನೋ ಕೇಳಬೇಕು ಎನ್ನುವವಳಂತೆ ರಾಚವ್ವನನ್ನೇ ನೋಡುತ್ತ ನಿಂತಳು.