ಎಂಟನೆಯ ಕೈ

ಗ್ರಾಮ ಪಂಚಾಯಿತಿಯ ಉಪಾಧ್ಯಕ್ಷ ಜಲಾಲುದ್ದೀನ ಲೆಕ್ಕದಲ್ಲಿ ಬಲು ಪಕ್ಕಾ ಮನುಷ್ಯ. ಅಧ್ಯಕ್ಷೆ ಬಿಬಿಜಾನಳ ಗಂಡ ಚಮನಸಾಬ ತೀರಿಕೊಂಡಾಗ, ಕಾಕಾನ ಮಗನಾದ ಇವನೇ ಮುಂದೆ ನಿಂತು ಮಣ್ಣು ಮಾಡಿಸಿದ, ಬಂದವರಿಗೆ ಊಟ ಹಾಕಿಸಿದ. ಆಮೇಲೆ ಕ್ಯಾಲೆಂಡರ್ ಮುಂದೆ ನಿಂತು ದಿನ ಎಣಿಸಿದ. ಗಂಡ ಸತ್ತ ಹೆಣ್ಣುಮಗಳು ಇದ್ದತ್ ಕೂತರೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವುದಿಲ್ಲ. ಅಷ್ಟರೊಳಗೇ ಸಭೆ ಬೀಳುವಂತೆ ನೋಡಿಕೊಂಡು ಅವಿಶ್ವಾಸದ ನೋಟಿಸು ಕೊಟ್ಟ. ಅಧ್ಯಕ್ಷೆಯೇ ಇಲ್ಲದ ಕೋಣೆಯಲ್ಲಿ ಅಧ್ಯಕ್ಷೆಯ ವಿರುದ್ಧ ಕೈ ಎತ್ತಲು ಯಾರಿಗೆ ಏನು ಕಷ್ಟ?

ಬಿಬಿಜಾನ ಮಾಡಿದ ತಪ್ಪೆಂದರೆ ಒಂದು ಸಹಿ ಹಾಕದಿದ್ದದ್ದು. ಇಳಕಲ್ಲಿನ ಕಡೆಯ ಒಂದು ಗ್ರಾನೈಟ್ ಫ್ಯಾಕ್ಟರಿಯವರು ಕಲ್ಲು ಪಾಲಿಶ್ ಮಾಡಿ ಉಳಿದ ಬಿಳಿ ರಾಡಿಯನ್ನು ಊರ ಹಳ್ಳದ ದಂಡೆಗೆ ಸುರಿಯಲು ಒಪ್ಪಿಗೆ ಕೇಳಿದ್ದರು. ಈ ರಾಡಿಯ ಸುದ್ದಿ ಮೊದಲು ಎತ್ತಿದವಳು ಸದಸ್ಯೆ ಶಾರವ್ವ. ಅವಳ ಓಣಿಯ ಬೋರು ಹಳ್ಳದ ಮಗ್ಗುಲಲ್ಲೇ ಇತ್ತು. ಕದ್ದು ಸುರಿದ ನಾಲ್ಕು ಲೋಡಿಗೇ ಕೊಡದ ತಳದಲ್ಲಿ ಬಿಳಿ ಗಸಿ ಕೂತಿತ್ತು. ಆ ಕೊಡವನ್ನೇ ಹೊತ್ತು ತಂದು ಅಧ್ಯಕ್ಷೆಯ ಟೇಬಲ್ಲಿನ ಮೇಲೆ ಕುಕ್ಕಿ, "ಅಕ್ಕಾ, ಇದನ್ನ ನೀ ಕುಡೀತೀ ಏನು?" ಅಂದಿದ್ದಳು. ಬಿಬಿಜಾನ ಪೆನ್ನಿಗೆ ಮುಚ್ಚಳ ಹಾಕಿದವಳು ಆ ಕಾಗದಕ್ಕಾಗಿ ಮತ್ತೆ ತೆಗೆಯಲಿಲ್ಲ.

ಫ್ಯಾಕ್ಟರಿಯವರು ಸುಮ್ಮನೆ ಕೂಡಲಿಲ್ಲ. ಶಾರವ್ವನ ಗಂಡ ದುರ್ಗಪ್ಪನನ್ನು ಟಿಪ್ಪರ್ ಡ್ರೈವರ್ ಮಾಡಿಕೊಂಡರು. ಎರಡು ವರ್ಷ ಗೋವಾದಲ್ಲಿ ದುಡಿದು ಯುಗಾದಿಗೊಮ್ಮೆ ಮುಖ ತೋರಿಸುತ್ತಿದ್ದವನು ಈಗ ದಿನಾ ಸಂಜೆ ಮನೆಯಲ್ಲಿ ಬಿಸಿ ರೊಟ್ಟಿ ಉಣ್ಣುತ್ತಿದ್ದ. ಕೆಲಸ ಕೊಡಿಸಿದವನು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಧ್ಯಕ್ಷೆಯನ್ನು ಇಳಿಸಲು ಹನ್ನೆರಡು ಮಂದಿ ಸದಸ್ಯರಲ್ಲಿ ಎಂಟು ಕೈ ಬೇಕು. ಜಲಾಲುದ್ದೀನನ ಹತ್ತಿರ ತನ್ನದೂ ಸೇರಿ ಏಳಿದ್ದವು. ಎಂಟನೆಯದು ಶಾರವ್ವನದು.

ಸಭೆಯ ತನಕ ಯಾರೂ ಕೈ ತಪ್ಪಬಾರದೆಂದು ಈ ಎಂಟೂ ಮಂದಿಯನ್ನು ಬಾದಾಮಿಯ ಒಂದು ಲಾಡ್ಜಿನಲ್ಲಿ ಇಟ್ಟರು. ಊಟ, ಚಹಾ, ಬನಶಂಕರಿಯ ದರ್ಶನ ಎಲ್ಲ ಪುಕ್ಕಟೆ. ಫೋನು ಮಾತ್ರ ಇಸಿದುಕೊಂಡಿದ್ದರು. ಮೂರನೆಯ ದಿನ ಶಾರವ್ವನಿಗೆ ತಡೆಯಲಾಗಲಿಲ್ಲ. ಕೋಣೆಯ ಕಸ ಹೊಡೆಯಲು ಬಂದ ಬೋರವ್ವನ ಫೋನು ಕೇಳಿ ಪಡೆದು ಬಚ್ಚಲ ಬಾಗಿಲು ಹಾಕಿಕೊಂಡಳು. ರಾಡಿಯ ದೂರು ಹೇಳಿ ಹೇಳಿ ಬಿಬಿಜಾನಳ ನಂಬರು ಬಾಯಿಪಾಠವಾಗಿತ್ತು.

"ಅಕ್ಕಾ, ನಾಡಿದ್ದಿನ ಸಭಾಕ್ಕ ನೀ ಬಾ."

"ನಾ ಹೆಂಗ ಬರ್ಲಿ ಶಾರೂ? ಅವರು ಹೋಗಿ ಮೂರು ತಿಂಗಳಾಗಿಲ್ಲ. ಕುರ್ಚಿ ಹೋದ್ರ ಹೋಗ್ಲಿ ಬಿಡು."

"ಕುರ್ಚಿ ಮಾತಲ್ಲಕ್ಕಾ, ಹಳ್ಳದ ಮಾತು. ನೀ ಎದುರಿಗೆ ಕುಂತ್ರ ನನ್ನ ಕೈ ಏಳಂಗಿಲ್ಲ. ನೀ ಬರಲಿಲ್ಲಂದ್ರ ನನಗ ಧೈರ್ಯ ಸಾಲಂಗಿಲ್ಲ."



"ಖರೇನ ಏಳಂಗಿಲ್ಲ?"

"ನಮ್ಮವ್ವನ ಆಣಿ."

"ಅಗದೀ ಜರೂರ ಇದ್ರ ಹಗಲಾಗ ಹೋಗಿ ಬರಬೌದು ಅಂತಾರ ಮೌಲ್ವಿ ಸಾಹೇಬ್ರು. ಆದ್ರ ಮಂದಿ ಬಾಯಿ ಯಾರು ಮುಚ್ಚಬೇಕು?" ಅಂದಳು ಬಿಬಿಜಾನ. "ಇರ್ಲಿ. ನಿನ್ನ ನಂಬಿ ಬರ್ತೇನಿ."

ಶಾರವ್ವ ಆಗ ಸುಳ್ಳು ಹೇಳಲಿಲ್ಲ, ಅಷ್ಟು ಮಾತ್ರ ನಿಜ. ಫೋನು ತಿರುಗಿ ಕೊಡುವಾಗ ಅವಳ ಎದೆ ಹಗುರಾಗಿತ್ತು. ತಾನು ಹೊರಬೇಕಾದ್ದನ್ನು ಇನ್ನೊಬ್ಬರ ತಲೆಗೆ ದಾಟಿಸಿದವರಿಗೆ ಎದೆ ಹಗುರಾಗದೆ ಏನಾದೀತು!

ಸಭೆಯ ದಿನ ಅದನ್ನು ನಡೆಸಬೇಕಾದ ಎಸಿ ಸಾಹೇಬರು ಹನ್ನೊಂದಕ್ಕೆ ಸರಿಯಾಗಿ ಬಂದು ಕೂತರು. ಹಿಂದೆಯೇ ಬುರ್ಖಾದಲ್ಲಿ ಬಿಬಿಜಾನ ಬಂದಳು. ಜಲಾಲುದ್ದೀನನ ಮುಖ ಹುಳಿ ಮಜ್ಜಿಗೆ ಕುಡಿದವನಂತಾಯಿತು. ಅವಳು ಪರದೆ ಸರಿಸಿ, ಬಳೆಯಿಲ್ಲದ ಕೈಗಳನ್ನು ಟೇಬಲ್ಲಿನ ಮೇಲಿಟ್ಟುಕೊಂಡು ಕೂತಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಶಾರವ್ವನನ್ನು ಹುಡುಕಿ ನೋಡಿ, ಸಣ್ಣಗೆ ತಲೆಯಾಡಿಸಿದಳು.

"ನಿರ್ಣಯದ ಪರವಾಗಿ ಇರುವವರು ಕೈ ಎತ್ತಿ," ಅಂದರು ಸಾಹೇಬರು.

ಜಲಾಲುದ್ದೀನನ ಕೈ ಮೊದಲು ಎದ್ದಿತು. ಉಳಿದವು ಒಂದೊಂದಾಗಿ, ನೆಲ ನೋಡುತ್ತ ಎದ್ದವು. ಏಳಕ್ಕೆ ನಿಂತಿತು. ಶಾರವ್ವ ಎರಡೂ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದಳು. ಆಗ ಕಿಟಕಿಯಾಚೆ ದುರ್ಗಪ್ಪ ಕಂಡ. ಅವನು ಕಣ್ಣು ಕೆಕ್ಕರಿಸಿದ್ದರೆ ಅವಳು ಹಟಕ್ಕೆ ಬಿದ್ದು ಹಾಗೇ ಕೂತುಬಿಡುತ್ತಿದ್ದಳು. ಕೆಕ್ಕರಿಸಲಿಲ್ಲ. ಅಷ್ಟು ಜನರ ನಡುವೆ, ಕಟ್ಟಿಕೊಂಡ ಹೆಂಡತಿಗೆ, ಕೈ ಮುಗಿದು ನಿಂತಿದ್ದ.

ಶಾರವ್ವನ ಕೈ ಎದ್ದಿತು.

ಸಾಹೇಬರು ತೋರಿಸಿದಲ್ಲಿ ಬಿಬಿಜಾನ ಸಹಿ ಹಾಕಿ, ಪರದೆ ಇಳಿಸಿಕೊಂಡು ಹೊರಟಳು. ಪಕ್ಕದಲ್ಲಿ ಹಾಯುವಾಗ ಒಂದು ಮಾತು ಬೈದಿದ್ದರೂ ಶಾರವ್ವನಿಗೆ ಸಮಾಧಾನವಿರುತ್ತಿತ್ತು. ಬೈಯಲಿಲ್ಲ. ಶಾರವ್ವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹದಿನೈದು ದಿನದಲ್ಲಿ ಟಿಪ್ಪರುಗಳು ಹಾಡಹಗಲೇ ಹಳ್ಳಕ್ಕೆ ಬರತೊಡಗಿದವು. ಅವುಗಳಲ್ಲಿ ಒಂದನ್ನು ದುರ್ಗಪ್ಪ ಓಡಿಸುತ್ತಿದ್ದ.

ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಚ್ಚಿ ಕೂತಾಗ ಗುರುಸಿದ್ದವ್ವ ಮಾತು ತೆಗೆದಳು. ಅವಳು ಬಿಬಿಜಾನಳ ಎದುರುಮನೆಯವಳು.

"ಗಂಡ ಸತ್ತು ಮೂರು ತಿಂಗಳಾಗಿದ್ದಿಲ್ಲ, ಕುರ್ಚಿ ಆಸೇಕ್ಕ ಹೊಸ್ತಿಲ ದಾಟಿದ್ಲು ಅಂತ ಅವರ ಮಂದಿನ ಆಡಿಕೊಳ್ಳಾಕತ್ತಾರ. ಖಾಸ ತಂಗಿ ಸೈತ ಮನಿಗೆ ಬರವಲ್ಲಳು. ಯಾಕ ಹೋಗಿದ್ದಿ, ಯಾರು ಹೇಳಿದ್ರು ಅಂತ ಎಷ್ಟ ಕೇಳಿದ್ರೂ ಬಾಯಿ ಬಿಡವಲ್ಲಳಂತ." ಅವಳು ಶಾರವ್ವನ ಕಡೆ ತಿರುಗಿದಳು. "ನೀ ಅಲ್ಲೇ ಇದ್ದೆಲ್ಲಾ ಶಾರವ್ವಾ. ಯಾರರ ಕರಿಸಿದ್ರೇನು ಆಕಿನ್ನ?"

ಗಿರಣಿ ನಿಂತಿತ್ತು. ಕೂತವರೆಲ್ಲ ಶಾರವ್ವನ ಬಾಯಿ ನೋಡುತ್ತಿದ್ದರು. ಅವಳು ಜೋಳದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಯಾರು ಕರೀತಾರವ್ವಾ," ಅಂದಳು. "ತಾನ ಬಂದ್ಲು."